ಕಚ್ಚಿದ ನಾಯಿಯಿಂದ ಕಚ್ಚುವ ತಳಿಯವರೆಗೆ: ನಾಯಿ ನಿಷೇಧಗಳ ಒಂದು ಚರಿತ್ರೆ

1929ರಲ್ಲಿ ಆಸ್ಟ್ರೇಲಿಯಾ ಒಂದು ತಳಿಯ ನಾಯಿಯನ್ನು ಹೊರದೇಶಗಳಿಂದ ತರಿಸಿಕೊಳ್ಳುವುದನ್ನು ನಿಷೇಧಿಸಿತು. ಅದರ ಮೈಯಲ್ಲಿ ತೋಳದ ರಕ್ತವಿದೆ, ಕಾಡಿನ ಡಿಂಗೊಗಳೊಂದಿಗೆ ಬೆರೆತರೆ ಹುಟ್ಟುವ ಮರಿಗಳು ಕುರಿಮಂದೆಗಳನ್ನು ಉಳಿಸುವುದಿಲ್ಲ ಎಂಬುದು ಕುರಿ ಸಾಕುವವರ ವಾದವಾಗಿತ್ತು. ನಿಷೇಧ ತೆರವಾದದ್ದು 1970ರ ದಶಕದಲ್ಲಿ. ಆ ನಾಯಿ ಇಂದು ಜಗತ್ತಿನಾದ್ಯಂತ ಪೊಲೀಸ್ ಶ್ವಾನದಳಗಳಲ್ಲಿ ಕಾಣುವ ಜರ್ಮನ್ ಶೆಫರ್ಡ್. ತಳಿ ನಿಷೇಧದ ಪರವಾಗಿ ಮಾತನಾಡುವವರು ಈ ಪ್ರಸಂಗವನ್ನು ನೆನೆಯುವುದು ಅಪರೂಪ. ನಿಷೇಧಿತ ತಳಿಗಳ ಪಟ್ಟಿಗಳು ಹೇಗೆ ಹುಟ್ಟಿದವು, ಒಂದು ದೇಶದಿಂದ ಇನ್ನೊಂದಕ್ಕೆ ಹೇಗೆ ದಾಟಿದವು ಎಂಬುದನ್ನು ನೋಡಿದರೆ, ನಗರಗಳು ಇಂಥ ನಿಷೇಧ ಹೇರಬೇಕೆ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕಾನೂನಿಗೆ ಸಾಮಾನ್ಯವಾಗಿ ತಳಿಯ ಗೊಡವೆ ಇರಲಿಲ್ಲ. ನಾಯಿಗೆ ಒಡೆಯನಿದ್ದಾನೆಯೇ, ಅದಕ್ಕೆ ಹುಚ್ಚು ಹಿಡಿದಿದೆಯೇ, ಅದು ಅಪಾಯಕಾರಿಯೇ ಎಂಬಷ್ಟೇ ಕಾನೂನಿನ ವಿಚಾರಣೆ. ಒಡೆಯನಿಲ್ಲದ ನಾಯಿಗಳನ್ನು ಕೊಲ್ಲಲು ಬೊಂಬಾಯಿಯಲ್ಲಿ ಪೊಲೀಸರಿಗೆ ಅಧಿಕಾರವಿತ್ತು, ತಲೆಗಿಷ್ಟೆಂದು ಬಹುಮಾನವೂ ಇತ್ತು. ಬಹುಮಾನದ ಆಸೆಗೆ ಸಾಕಿದ ನಾಯಿಗಳ ಮೇಲೂ ದೊಣ್ಣೆ ಬೀಳತೊಡಗಿದಾಗ, 1832ರ ಜೂನ್ 6ರಂದು ಪಾರ್ಸಿಗಳು ದಂಗೆಯೆದ್ದರು, ಪೇಟೆ ಮುಚ್ಚಿತು. ಬ್ರಿಟನ್ನಿನ 1871ರ ನಾಯಿ ಕಾಯಿದೆಯೂ ಇದೇ ಜಾಡಿನದು. ನಾಯಿ ಅಪಾಯಕಾರಿ, ಹತೋಟಿಯಲ್ಲಿಲ್ಲ ಎಂದು ದೂರು ಬಂದರೆ ಮ್ಯಾಜಿಸ್ಟ್ರೇಟರು ವಿಚಾರಿಸಿ, ಅದನ್ನು ಹದ್ದುಬಸ್ತಿನಲ್ಲಿಡುವಂತೆ ಒಡೆಯನಿಗೆ ಆಜ್ಞಾಪಿಸಬಹುದಿತ್ತು ಅಥವಾ ಕೊಲ್ಲಿಸಬಹುದಿತ್ತು. ಆಗ ಕಟಕಟೆಗೆ ಬರುತ್ತಿದ್ದದ್ದು ದೂರಿಗೆ ಗುರಿಯಾದ ಆ ಒಂದು ನಾಯಿ ಮಾತ್ರ.

ತಳಿಯನ್ನೇ ಆರೋಪಿಯಾಗಿಸುವ ರೂಢಿ ಬಲವಾದದ್ದು 1980ರ ದಶಕದ ಅಮೆರಿಕದಲ್ಲಿ. ಪಿಟ್ ಬುಲ್‌ನ ಪೂರ್ವಜರು ಗೂಳಿ ಕಚ್ಚಿಸುವ ಆಟಕ್ಕೆಂದು ಇಂಗ್ಲೆಂಡಿನಲ್ಲಿ ಬೆಳೆಸಿದ ನಾಯಿಗಳು. 1835ರಲ್ಲಿ ಆ ಆಟ ನಿಷಿದ್ಧವಾದ ಮೇಲೆ ಅವು ನಾಯಿಕಾಳಗದ ಕಣಕ್ಕಿಳಿದವು, ವಲಸೆಗಾರರೊಂದಿಗೆ ಅಮೆರಿಕಕ್ಕೂ ಹೋದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ನಾಯಿ ಅಲ್ಲಿನ ಯುದ್ಧಕಾಲದ ಪೋಸ್ಟರುಗಳ ಮೇಲೆ, ಮಕ್ಕಳ ಸಿನಿಮಾಗಳಲ್ಲಿ ಅಚ್ಚುಮೆಚ್ಚಿನದಾಗಿತ್ತು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಚಿತ್ರವೇ ಬದಲಾಯಿತು. ಕದ್ದುಮುಚ್ಚಿ ನಡೆಯುವ ಕಾಳಗ, ಮಾದಕವಸ್ತು ಮಾರುವವರ ಕಾವಲು, ಬಡ ಕಪ್ಪು ಜನರ ಕೇರಿ ಇವೆಲ್ಲವುಗಳೊಂದಿಗೆ ಅದರ ಹೆಸರು ತಳಕು ಹಾಕಿಕೊಂಡಿತು. 1984ರಲ್ಲಿ ನ್ಯೂ ಮೆಕ್ಸಿಕೊದ ಟಿಹೆರಾಸ್ ಎಂಬ ಪುಟ್ಟ ಊರು ಅದನ್ನು ನಿಷೇಧಿಸಿತು. 1987ರ ಜುಲೈಯಲ್ಲಿ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಹಲ್ಲು ಕಿರಿದ ಪಿಟ್ ಬುಲ್‌ನ ಮುಖವನ್ನೇ ಮುಖಪುಟಕ್ಕೆ ಹಾಕಿತು. 1989ರಲ್ಲಿ ಡೆನ್ವರ್ ನಗರದ ಸರದಿ. ಅಲ್ಲಿನ ನಿಷೇಧ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿದು, 2020ರ ನವೆಂಬರಿನಲ್ಲಿ ಮತದಾರರ ತೀರ್ಪಿನಿಂದ ಕೊನೆಗೊಂಡಿತು.

ಬೇರೆ ದೇಶಗಳಿಗೆ ಮಾದರಿಯಾಗಿ ಕಂಡದ್ದು ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯಿದೆ. ಆ ವರ್ಷದ ಮೇ ತಿಂಗಳಲ್ಲಿ ಬ್ರ್ಯಾಡ್‌ಫರ್ಡ್‌ನಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಪಿಟ್ ಬುಲ್ ದಾಳಿಗೆ ತುತ್ತಾಗಿ ತೀವ್ರವಾಗಿ ಗಾಯಗೊಂಡಳು. ಪತ್ರಿಕೆಗಳು ಎದ್ದುನಿಂತವು. ಗೃಹ ಸಚಿವ ಕೆನೆತ್ ಬೇಕರ್ ತಂದ ಮಸೂದೆ ಜುಲೈಯಲ್ಲಿ ಕಾಯಿದೆಯಾಗಿ, ಆಗಸ್ಟ್ 12ರಂದು ಜಾರಿಗೆ ಬಂತು. ಪಿಟ್ ಬುಲ್ ಟೆರಿಯರ್, ಜಪಾನಿನ ಟೋಸಾ, ಡೋಗೊ ಅರ್ಜೆಂಟಿನೊ, ಫಿಲಾ ಬ್ರಸಿಲೇರೊ ನಿಷೇಧಕ್ಕೊಳಗಾದ ನಾಲ್ಕು ಬಗೆಗಳು. ಇವುಗಳಲ್ಲಿ ಪಿಟ್ ಬುಲ್ ಬಿಟ್ಟರೆ ಮಿಕ್ಕವನ್ನು ಬ್ರಿಟನ್ನಿನ ಬೀದಿಗಳಲ್ಲಿ ಕಂಡವರೇ ಕಡಿಮೆ.

ಕಾಯಿದೆಯ ಒಳಗುಟ್ಟು ಇದ್ದದ್ದು ಇಂಥ ‘ಬಗೆಯ’ ನಾಯಿ ಎಂಬ ಮಾತಿನಲ್ಲಿ. ಪಿಟ್ ಬುಲ್ ಅನ್ನು ಬ್ರಿಟನ್ನಿನ ಕೆನಲ್ ಕ್ಲಬ್ ತಳಿಯೆಂದು ಒಪ್ಪಿರಲಿಲ್ಲ, ವಂಶಾವಳಿಯ ಕಾಗದಪತ್ರಗಳೂ ಇರಲಿಲ್ಲ. ಹಾಗಾದರೆ ಗುರುತಿಸುವುದು ಹೇಗೆ? 1993ರಲ್ಲಿ ನ್ಯಾಯಾಲಯ ದಾರಿ ತೋರಿಸಿತು: ಬಗೆ ಎಂದರೆ ತಳಿಗಿಂತ ವಿಶಾಲ, ಪಿಟ್ ಬುಲ್‌ನ ಗಣನೀಯ ಲಕ್ಷಣಗಳಿದ್ದರೆ ಸಾಕು. ಆ ಲಕ್ಷಣಗಳಿಗೆ ಅಳತೆಗೋಲಾದದ್ದು 1977ರಲ್ಲಿ ‘ಪಿಟ್ ಬುಲ್ ಗೆಜೆಟ್’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಈ ನಾಯಿಯ ಅಭಿಮಾನಿಗಳೇ ಪ್ರಕಟಿಸಿದ ವಿವರಣೆ. ಪಕ್ಕದಿಂದ ನೋಡಿದರೆ ಮೈ ಚೌಕಾಕಾರವಾಗಿರಬೇಕು, ತಲೆ ಭುಜದ ಅಗಲದ ಮೂರರಲ್ಲಿ ಎರಡು ಪಾಲಿರಬೇಕು, ತಲೆಬುರುಡೆಯ ಬುಡಕ್ಕಿಂತ ಕೆನ್ನೆ ಕಾಲುಭಾಗದಷ್ಟು ಹೆಚ್ಚು ಅಗಲವಿರಬೇಕು, ಬಾಲ ಹಿಂಗಾಲಿನ ಗಿಣ್ಣಿನವರೆಗೆ ಇಳಿದಿರಬೇಕು. ಪೊಲೀಸರು ಟೇಪು ಹಿಡಿದು ನಾಯಿಯ ಕೆನ್ನೆ ಅಳೆಯುವ ಕಾಲ ಬಂತು. ಲ್ಯಾಬ್ರಡಾರ್‌ಗೆ ಹುಟ್ಟಿದ ಮಿಶ್ರತಳಿಯ ಮರಿಯೂ ಅಳತೆಗೆ ಹೊಂದಿದರೆ ಅಪರಾಧಿ. ಅದು ಆ ಬಗೆಯದಲ್ಲವೆಂದು ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್ನಿನದಲ್ಲ, ಒಡೆಯನದು.

ಡೆಂಪ್ಸಿ ಎಂಬ ಪಿಟ್ ಬುಲ್‌ನ ಕತೆ ಆಗ ಮನೆಮಾತಾಯಿತು. 1992ರಲ್ಲಿ ಲಂಡನ್ನಿನ ಬೀದಿಯಲ್ಲಿ ಅದಕ್ಕೆ ವಾಂತಿ ಬರುವಂತಾಯಿತೆಂದು ಜೊತೆಗಿದ್ದವರು ಕಾಯಿದೆ ಕಡ್ಡಾಯ ಮಾಡಿದ್ದ ಬಾಯಿಕುಕ್ಕೆ ಬಿಚ್ಚಿದರು. ಪೊಲೀಸರು ನೋಡಿದರು, ಮರಣದಂಡನೆಯಾಯಿತು. ಯಾರನ್ನೂ ಕಚ್ಚಿರದ ಆ ನಾಯಿಯ ಮೊಕದ್ದಮೆ ಮೇಲಿನ ನ್ಯಾಯಾಲಯಗಳಲ್ಲಿ ಸುತ್ತಿ, 1995ರಲ್ಲಿ ಅದರ ಜೀವ ಉಳಿಯಿತು. 1997ರ ತಿದ್ದುಪಡಿ ಕಡ್ಡಾಯ ವಧೆಯನ್ನು ಸಡಿಲಿಸಿ ನ್ಯಾಯಾಧೀಶರಿಗೆ ವಿವೇಚನೆ ಕೊಟ್ಟಿತು. ಪಟ್ಟಿ ಹಾಗೆಯೇ ಉಳಿಯಿತು.

ಯುರೋಪಿನ ಉಳಿದ ಕಡೆಯ ಅನುಭವವೂ ಏರಿಳಿತದ್ದೇ. ನೆದರ್ಲೆಂಡ್ಸ್ 1993ರಲ್ಲಿ ಪಿಟ್ ಬುಲ್ ನಿಷೇಧಿಸಿ, ಕಚ್ಚುವ ಪ್ರಕರಣಗಳು ಇಳಿಯಲಿಲ್ಲವೆಂದು 2008ರಲ್ಲಿ ಕೈಬಿಟ್ಟಿತು. ಇಟಲಿ 2003ರಲ್ಲಿ 90ಕ್ಕೂ ಹೆಚ್ಚು ತಳಿಗಳ ಪಟ್ಟಿ ಮಾಡಿತು. 2009ರಲ್ಲಿ ಅದನ್ನು ಹರಿದುಹಾಕಿ, ಒಡೆಯನನ್ನೇ ಹೊಣೆಗಾರನನ್ನಾಗಿಸುವ ಆದೇಶ ತಂದಿತು. ಜರ್ಮನಿಯಲ್ಲಿ ಮಾತ್ರ, 2000ದಲ್ಲಿ ಹ್ಯಾಂಬರ್ಗಿನ ಶಾಲೆಯೊಂದರ ಅಂಗಳದಲ್ಲಿ ಬಾಲಕನೊಬ್ಬ ಸತ್ತ ನಂತರ ಬಂದ ಆಮದು ನಿಷೇಧವನ್ನು ಸಾಂವಿಧಾನಿಕ ನ್ಯಾಯಾಲಯ 2004ರಲ್ಲಿ ಎತ್ತಿಹಿಡಿಯಿತು.

ನಿಷೇಧದ ಪರವಾದ ವಾದವನ್ನು ತಳ್ಳಿಹಾಕಿ ಮುಂದೆ ಹೋಗುವುದು ಪ್ರಾಮಾಣಿಕವಾಗದು. ಅಮೆರಿಕದಲ್ಲಿ 1979ರಿಂದ 1998ರವರೆಗಿನ ಮಾರಣಾಂತಿಕ ದಾಳಿಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕೂ ಹೆಚ್ಚು ಸಾವುಗಳು ಪಿಟ್ ಬುಲ್ ಬಗೆಯವು ಮತ್ತು ರಾಟ್‌ವೈಲರ್‌ಗಳ ಲೆಕ್ಕಕ್ಕೆ ಬಂದವು. ಪೊಮೆರೇನಿಯನ್ ಕಚ್ಚುವುದಕ್ಕೂ ರಾಟ್‌ವೈಲರ್ ಕಚ್ಚುವುದಕ್ಕೂ ಇರುವ ಅಂತರ ತಾಯಂದಿರಿಗೆ ಗೊತ್ತು. ಆದರೂ ಆ ಅಧ್ಯಯನಕಾರರೇ ತಳಿ ನಿಷೇಧವನ್ನು ಶಿಫಾರಸು ಮಾಡಲಿಲ್ಲ. ಸಾವು ತಂದ ತಳಿಗಳು ಕನಿಷ್ಠ 25. ಯಾವ ತಳಿಯ ನಾಯಿಗಳು ಒಟ್ಟು ಎಷ್ಟಿವೆ ಎಂಬ ಲೆಕ್ಕವಿಲ್ಲ. ಕಂಡವರು ಹೇಳಿದ ತಳಿಯ ಹೆಸರನ್ನು ನಂಬುವಂತೆಯೂ ಇಲ್ಲ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದನ್ನು ಪರೀಕ್ಷಿಸಿತು. ಆಶ್ರಯಧಾಮಗಳ 120 ನಾಯಿಗಳಲ್ಲಿ ಸಿಬ್ಬಂದಿ 62ನ್ನು ಪಿಟ್ ಬುಲ್ ಬಗೆಯವೆಂದರೆ, ಡಿಎನ್‌ಎ ಪರೀಕ್ಷೆ ಹಾಗೆಂದದ್ದು 25ಕ್ಕೆ ಮಾತ್ರ. ದಿನವೂ ನಾಯಿಗಳ ನಡುವೆ ಇರುವವರ ಕಣ್ಣೇ ಹೀಗಾದರೆ ಪಾಲಿಕೆಯ ನೌಕರ ಏನು ಮಾಡಿಯಾನು?

ಪಟ್ಟಿಗೆ ಇನ್ನೊಂದು ದೌರ್ಬಲ್ಯವೂ ಇದೆ: ಅದು ಯಾವಾಗಲೂ ಒಂದು ಹೆಜ್ಜೆ ಹಿಂದೆ. ಬ್ರಿಟನ್ನಿನಲ್ಲಿ ಪಿಟ್ ಬುಲ್ ಸಾಕಲಾಗದ ಕಾಲದಲ್ಲಿ ಎಕ್ಸ್‌ಎಲ್ ಬುಲ್ಲಿ ಎಂಬ ಇನ್ನೂ ದೈತ್ಯ ನಾಯಿ ಜನಪ್ರಿಯವಾಯಿತು. ಸಾವುಗಳು ಸಂಭವಿಸಿದ ಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದರ ಮಾರಾಟವನ್ನು 2023ರ ಡಿಸೆಂಬರ್ 31ರಿಂದ, ವಿನಾಯಿತಿ ಪತ್ರವಿಲ್ಲದೆ ಸಾಕುವುದನ್ನು 2024ರ ಫೆಬ್ರುವರಿ 1ರಿಂದ ನಿಷೇಧಿಸಲಾಯಿತು. ಸರ್ಕಾರ ಮತ್ತೆ ಟೇಪು ಹಿಡಿದು ಎತ್ತರ, ತಲೆ, ಮೂತಿಯ ಹೊಸ ವಿವರಣೆ ಬರೆಯಿತು.

ಅದಾದ ಕೆಲವೇ ವಾರಗಳಲ್ಲಿ ಭಾರತವೂ ಪಟ್ಟಿ ಮಾಡಿತು. 2022ರ ಜುಲೈಯಲ್ಲಿ ಲಖನೌದಲ್ಲಿ ಸಾಕಿದ ಪಿಟ್ ಬುಲ್ ವೃದ್ಧೆಯೊಬ್ಬರನ್ನು ಕೊಂದ ಮೇಲೆ ಕಾನ್ಪುರ, ಘಾಜಿಯಾಬಾದ್ ಪಾಲಿಕೆಗಳು ತಮ್ಮ ಮಟ್ಟದಲ್ಲೇ ನಿಷೇಧ ತಂದಿದ್ದವು. ದೆಹಲಿ ಹೈಕೋರ್ಟಿನ ನಿರ್ದೇಶನದ ಬೆನ್ನಿಗೆ ಕೇಂದ್ರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಪತ್ರ ಬರೆದು, 23 ತಳಿಗಳಿಗೆ ಪರವಾನಗಿ ಕೊಡಬೇಡಿ, ಈಗಾಗಲೇ ಸಾಕಿರುವವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಎಂದಿತು. ಆ ಪಟ್ಟಿಯಲ್ಲಿ ‘ಟೋಸಾ ಇನು’ ಒಂದು ಕಡೆ, ‘ಜಪಾನೀಸ್ ಟೋಸಾ’ ಇನ್ನೊಂದು ಕಡೆ. ಎರಡೂ ಒಂದೇ ನಾಯಿ. ‘ಟೆರಿಯರ್‌ಗಳು’ ಎಂದು ಸಾರಾಸಗಟಾಗಿ ಬರೆದದ್ದರಿಂದ ತೊಡೆಯ ಮೇಲೆ ಕೂರುವ ಯಾರ್ಕ್‌ಷೈರ್ ಟೆರಿಯರ್ ಕೂಡ ಉಗ್ರ ನಾಯಿಯಾಯಿತು. ಪರದೇಶದ ಪಟ್ಟಿಗಳಿಂದ ಕೈಗೆ ಸಿಕ್ಕ ಹೆಸರುಗಳನ್ನು ಪೋಣಿಸಿದಂತಿದೆ ಎಂಬುದು ನನ್ನ ಗುಮಾನಿ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅದೇ ವರ್ಷದ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿದರು. ಬಾಧಿತರನ್ನು ಕೇಳಿಲ್ಲ, ಪಟ್ಟಿಯನ್ನು ಶಿಫಾರಸು ಮಾಡಿದ ಸಮಿತಿಯ ರಚನೆ ಸರಿಯಿಲ್ಲ, ನಿಯಮಗಳಲ್ಲಿ ಇಲ್ಲದ್ದನ್ನು ಪತ್ರದ ಮೂಲಕ ಹೇರಲಾಗದು ಎಂಬುದು ತೀರ್ಪಿನ ಸಾರ. ಎಲ್ಲರೊಂದಿಗೆ ಸಮಾಲೋಚಿಸಿ ಹೊಸದಾಗಿ ಬರಲು ಸರ್ಕಾರಕ್ಕೆ ಅವಕಾಶವನ್ನೂ ಉಳಿಸಿದರು. ಹಾಗಾಗಿ ಇದು ತಳಿ ನಿಷೇಧವೇ ತಪ್ಪೆಂದ ತೀರ್ಪಲ್ಲ, ವಿಧಾನ ತಪ್ಪೆಂದ ತೀರ್ಪು.

ನಮ್ಮ ನಗರಗಳಲ್ಲಿ ಕಚ್ಚಿಸಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ಕಚ್ಚುವುದು ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಬೀದಿನಾಯಿ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ದೆಹಲಿ ಪ್ರದೇಶದಲ್ಲಿ ಹಿಡಿದ ನಾಯಿಗಳಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ರೇಬೀಸ್ ತಗುಲಿದವಕ್ಕೆ ಮತ್ತು ಆಕ್ರಮಣಕಾರಿ ವರ್ತನೆಯವಕ್ಕೆ ಮಾತ್ರ ಈ ಬಿಡುಗಡೆ ಇಲ್ಲ ಎಂದಿತು ಆ ಆದೇಶ. ಈ ಒಂದು ನಾಯಿ ಅಪಾಯಕಾರಿಯೇ ಎಂಬ, 1871ರ ಮ್ಯಾಜಿಸ್ಟ್ರೇಟರ ಮುಂದಿದ್ದ ಪ್ರಶ್ನೆಯೇ ಮರಳಿ ಬಂದಂತಾಯಿತು. ಆದರೆ ಈ ಸಲ ಅದಕ್ಕೆ ಉತ್ತರಿಸಬೇಕಾದವನು ಬಲೆ ಹಿಡಿದು ನಿಂತ ಪಾಲಿಕೆಯ ಸಿಬ್ಬಂದಿ, ಮತ್ತು ಆ ನಾಯಿಯ ಪರವಾಗಿ ಕರೆಸಿ ಕೇಳಲು ಒಡೆಯನಿಲ್ಲ.