ಶಾಲೆಯ ಸಮಾರಂಭದಲ್ಲಿ ಖಾಕಿ ಉಡುಪು

ನಮ್ಮ ಪ್ರೌಢಶಾಲೆಗಳಲ್ಲಿ ಪದವಿ ಪ್ರದಾನವೆಂಬ ಸಮಾರಂಭವಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸುವವರಿಗೆ ಕಪ್ಪು ಗೌನೂ ಇಲ್ಲ, ಚೌಕಾಕಾರದ ಟೋಪಿಯೂ ಇಲ್ಲ. ಅದಕ್ಕೆ ವಿಶ್ವವಿದ್ಯಾನಿಲಯದ ಘಟಿಕೋತ್ಸವದವರೆಗೆ ಕಾಯಬೇಕು. ನಮ್ಮಲ್ಲಿರುವುದು ಪರೀಕ್ಷೆಗೆ ಮೊದಲಿನ ಬೀಳ್ಕೊಡುಗೆ: ಒಂದು ಗುಂಪು ಛಾಯಾಚಿತ್ರ, ಉಪ್ಪಿಟ್ಟು–ಕೇಸರಿಬಾತು, ಮುಖ್ಯೋಪಾಧ್ಯಾಯರ ಹಿತವಚನ, ಹೆಣ್ಣುಮಕ್ಕಳ ಕಣ್ಣೀರು. ಆದರೂ ಇಂತಹ ಸಮಾರಂಭಗಳಲ್ಲಿ ಮುಖ್ಯ ಅತಿಥಿಗಳನ್ನು ಬಾಗಿಲಿನಿಂದ ವೇದಿಕೆಗೆ ಕರೆತರುವ ಸಾಲಿನಲ್ಲಿ ಸೈನಿಕ ಉಡುಪು ಬಹಳ ಕಾಲದಿಂದ ಇದೆ. ಅದು ಎನ್.ಸಿ.ಸಿ.ಯ ಖಾಕಿ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈ ವಿಷಯವನ್ನು ನನ್ನ ತಲೆಗೆ ಹಚ್ಚಿದರು. ಅಲ್ಲಿ ಹದಿನೇಳು ವರ್ಷದವರು ತಂದೆತಾಯಿಗಳ ಒಪ್ಪಿಗೆ ಪಡೆದು ಸೇನೆಗೆ ಸೇರಬಹುದು. ಕೆಲವರು ಹೈಸ್ಕೂಲು ಮುಗಿಯುವ ಮೊದಲೇ ಮೂಲ ತರಬೇತಿಯನ್ನು ಪೂರೈಸಿರುತ್ತಾರೆ. ಅಂಥವರು ಶಾಲೆಯ ಪದವಿ ಸಮಾರಂಭಕ್ಕೆ ಗೌನಿನ ಬದಲು ಸೈನಿಕ ಸಮವಸ್ತ್ರದಲ್ಲಿ ಬರಬಹುದೇ ಎಂಬುದು ಅಲ್ಲಿನ ಚರ್ಚೆ. ಎಲ್ಲರೂ ಒಂದೇ ರೀತಿ ಕಾಣಬೇಕೆಂದು ಕೆಲವು ಶಾಲೆಗಳು ನಿರಾಕರಿಸಿದವು. ಕ್ಯಾಲಿಫೋರ್ನಿಯದಂತಹ ರಾಜ್ಯಗಳಲ್ಲಿ ಹಾಗೆ ನಿರಾಕರಿಸಕೂಡದೆಂದು ಕಾನೂನೇ ಇದೆ. "ನಮ್ಮ ಕಾಲದಲ್ಲಿ ನಮ್ಮೂರಿನಲ್ಲಿ ಇದು ಹೇಗಿತ್ತು, ಮೇಷ್ಟ್ರೇ?" ಎಂದು ಅವರು ಕೇಳಿದ್ದರು. ಉತ್ತರಿಸಬೇಕಾದರೆ ಸ್ವಲ್ಪ ಚರಿತ್ರೆಯನ್ನು ನೋಡಬೇಕು.

ವಿದ್ಯಾರ್ಥಿಗಳಿಗೆ ಸೈನಿಕ ಉಡುಪು ತೊಡಿಸುವ ಯೋಚನೆ ಮೊದಲು ಬಂದದ್ದು ಬ್ರಿಟಿಷರಿಗೆ. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಜನ ಸಾಲದೆ ಬಂದಾಗ, 1917ರಲ್ಲಿ ಯೂನಿವರ್ಸಿಟಿ ಕೋರ್ ಹುಟ್ಟಿತು. 1920ರ ಕಾಯ್ದೆಯ ನಂತರ ಅದು ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಆಯಿತು. ಅದು ಕಾಲೇಜಿನವರಿಗೆ ಮಾತ್ರ ಮೀಸಲಾಗಿದ್ದ ದಳ. ಹಳ್ಳಿಯ ಪ್ರೌಢಶಾಲೆಯ ಹುಡುಗನಿಗೆ ಅಲ್ಲಿ ಜಾಗವಿರಲಿಲ್ಲ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಆ ಸಮಿತಿಯ ವರದಿಯ ಫಲವಾಗಿ 1948ರಲ್ಲಿ ಸಂಸತ್ತು ಕಾಯ್ದೆ ಮಾಡಿ, ಜುಲೈ ತಿಂಗಳಲ್ಲಿ ರಾಷ್ಟ್ರೀಯ ವಿದ್ಯಾರ್ಥಿ ಸೈನ್ಯದಳ, ಅಂದರೆ ಎನ್.ಸಿ.ಸಿ., ಆರಂಭವಾಯಿತು. ಅದರ ಮೊದಲ ನಿರ್ದೇಶಕರು, ಮುಂದೆ ಭೂಸೇನೆಯ ಮುಖ್ಯಸ್ಥರಾದ ಗೋಪಾಲ ಗುರುನಾಥ ಬೇವೂರ್. ಕಾಲೇಜಿಗೆ ಸೀನಿಯರ್ ವಿಭಾಗ, ಶಾಲೆಗೆ ಜೂನಿಯರ್ ವಿಭಾಗ. 1949ರಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ. ಇಪ್ಪತ್ತು ಸಾವಿರ ಕೆಡೆಟ್‌ಗಳಿಂದ ತೊಡಗಿದ ದಳಕ್ಕೆ ಈಗ ಇಪ್ಪತ್ತು ಲಕ್ಷದ ಮಂಜೂರಾತಿ ಇದೆ.

ಆ ಕಾಯ್ದೆಯಲ್ಲಿ ಗಮನಿಸಬೇಕಾದ ಮಾತೊಂದಿದೆ. ಎನ್.ಸಿ.ಸಿ.ಗೆ ಸೇರಿದ ಮಾತ್ರಕ್ಕೆ ಯಾರೂ ಯುದ್ಧಸೇವೆಗೆ ಬದ್ಧರಲ್ಲ. ಉಡುಪು ಸೈನಿಕನದು, ತೊಡುವವನು ಮಾತ್ರ ಸೈನಿಕನಲ್ಲ. ಅಮೆರಿಕದ ಆ ಹುಡುಗನಿಗೂ ನಮ್ಮ ಹುಡುಗನಿಗೂ ಇರುವ ವ್ಯತ್ಯಾಸವೇ ಇದು. ಅವನು ಸೈನಿಕನಾಗಿ ಶಾಲೆಗೆ ಬರುತ್ತಾನೆ. ನಮ್ಮವನು ಶಾಲೆಯ ವಿದ್ಯಾರ್ಥಿಯಾಗಿದ್ದುಕೊಂಡೇ ಸೈನಿಕನ ಶಿಸ್ತನ್ನು ಕಲಿಯುತ್ತಾನೆ.

1962ರ ಚೀನಾ ಯುದ್ಧದ ಆಘಾತದ ನಂತರ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ಕಡ್ಡಾಯವಾಯಿತು. ದೇಶಕ್ಕಾಗಿ ಏನಾದರೂ ಮಾಡಬೇಕೆಂಬ ಕಾತರ ಆಗ ಎಲ್ಲೆಲ್ಲೂ ಇತ್ತು. ಆದರೆ ಅಷ್ಟು ದೊಡ್ಡ ಸಂಖ್ಯೆಗೆ ಬೇಕಾದ ಅಧಿಕಾರಿಗಳಾಗಲಿ ಸಾಮಗ್ರಿಯಾಗಲಿ ಎಲ್ಲ ಕಡೆಯೂ ಒದಗಲಿಲ್ಲ. ಆ ವರ್ಷಗಳಲ್ಲಿ ಕಾಲೇಜಿನಲ್ಲಿದ್ದ ನನ್ನ ಸೋದರಮಾವ, ಹಾಜರಿ ಕೂಗುವವರೆಗೆ ನಿಂತು ಆಮೇಲೆ ಮರದ ನೆರಳು ಹುಡುಕುತ್ತಿದ್ದವರ ಕಥೆಗಳನ್ನು ನಗುತ್ತಾ ಹೇಳುತ್ತಿದ್ದರು. 1968ರಲ್ಲಿ ಸರ್ಕಾರ ಕಡ್ಡಾಯವನ್ನು ತೆಗೆದು ಮತ್ತೆ ಐಚ್ಛಿಕಗೊಳಿಸಿತು. ಮರುವರ್ಷ, 1969ರ ಸೆಪ್ಟೆಂಬರ್ 24ರಂದು, ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಬಂದೂಕು ಬೇಡವೆನ್ನುವವನು ಗುದ್ದಲಿ ಹಿಡಿಯಬಹುದಾಯಿತು. ಒತ್ತಾಯದಿಂದ ತೊಡಿಸಿದ ಉಡುಪಿಗೆ ಗೌರವ ಹುಟ್ಟುವುದಿಲ್ಲ ಎಂಬುದು ಆ ಐದು ವರ್ಷಗಳ ಪಾಠವೆಂದು ನಾನು ತಿಳಿದಿದ್ದೇನೆ.

ನಾನು ಹೊಳೆನರಸೀಪುರದಲ್ಲಿ ಪ್ರೌಢಶಾಲೆ ಓದಿದ್ದು 1970ರ ದಶಕದಲ್ಲಿ. ಆ ವೇಳೆಗೆ ಎನ್.ಸಿ.ಸಿ. ಬೇಕೆಂದವರಿಗೆ ಸಿಗುವ ಸ್ಥಾನವಾಗಿತ್ತು. ಇಂತಿಷ್ಟೇ ಹುಡುಗರೆಂಬ ಮಿತಿಯಿದ್ದುದರಿಂದ ಆಯ್ಕೆಗೆ ನೂಕುನುಗ್ಗಲು. ಎಂಟು, ಒಂಬತ್ತನೆಯ ತರಗತಿಗಳ ಎರಡು ವರ್ಷಗಳ ತರಬೇತಿ, ಕೊನೆಗೆ 'ಎ' ಸರ್ಟಿಫಿಕೇಟ್ ಪರೀಕ್ಷೆ. ಹೇಮಾವತಿಯ ಆಚೆಯ ಹಳ್ಳಿಗಳಿಂದ ಬರಿಗಾಲಲ್ಲಿ ನಡೆದು ಬರುತ್ತಿದ್ದ ಗೆಳೆಯರು ಜೀವನದಲ್ಲಿ ಮೊದಲು ಬೂಟು ಹಾಕಿದ್ದು ಎನ್.ಸಿ.ಸಿ.ಯಲ್ಲಿ. ಹಿಂದಿ ಪಾಠ ತಲೆಗೆ ಹತ್ತದವರಿಗೂ 'ಸಾವಧಾನ್', 'ವಿಶ್ರಾಮ್', 'ದಾಹಿನೇ ಮುಡ್' ಕಾಲಿಗೆ ಹತ್ತಿದವು. ಉಡುಪು ದಳದ್ದು. ಲೆಕ್ಕ ಬರೆಸಿ ಪಡೆಯಬೇಕು, ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಬೇಕು, ಬೆಲ್ಟಿನ ಹಿತ್ತಾಳೆಯನ್ನು ತಿಕ್ಕಿ ಹೊಳೆಯಿಸಬೇಕು, ತರಬೇತಿ ಮುಗಿದಾಗ ಲೆಕ್ಕ ಒಪ್ಪಿಸಿ ಹಿಂದಿರುಗಿಸಬೇಕು.

ಹೀಗಾಗಿ ನಮ್ಮಲ್ಲಿ ಹತ್ತನೆಯ ತರಗತಿಯ ಬೀಳ್ಕೊಡುಗೆಯ ಹೊತ್ತಿಗೆ ಹುಡುಗನ ಮೈಮೇಲಿನ ಖಾಕಿ ಇಳಿದಿರುತ್ತಿತ್ತು. ನಾನು ಅರಕಲಗೂಡು ತಾಲ್ಲೂಕಿನಲ್ಲಿ ಅಧ್ಯಾಪಕನಾಗಿದ್ದ 1990ರ ದಶಕದಲ್ಲಿ ಒಬ್ಬ ವಿದ್ಯಾರ್ಥಿ ಬೀಳ್ಕೊಡುಗೆಗೆ ಖಾಕಿಯಲ್ಲೇ ಬರಬೇಕೆಂದು ಹಟ ಹಿಡಿದ. ಅವನ ಉಡುಪು ಹಿಂದಿನ ವರ್ಷವೇ ಹಿಂದಿರುಗಿತ್ತು. ಕಿರಿಯ ಕೆಡೆಟ್ ಒಬ್ಬನದನ್ನು ಒಂದು ದಿನಕ್ಕೆ ಎರವಲು ಪಡೆದಿದ್ದ. ಎನ್.ಸಿ.ಸಿ. ನೋಡಿಕೊಳ್ಳುತ್ತಿದ್ದ ನಮ್ಮ ಸಹೋದ್ಯೋಗಿ ಅವನನ್ನು ಗದರಲಿಲ್ಲ. "ಅಂಗಿ ನಿನ್ನ ಅಳತೆಗೆ ಸರಿಯಾಗಿದೆಯಪ್ಪ, ಆದರೆ ಎದೆಯ ಮೇಲೆ ಬೇರೆಯವನ ಹೆಸರಿದೆಯಲ್ಲ" ಎಂದರು. ಹುಡುಗ ಹೆಸರಿನ ಪಟ್ಟಿಯನ್ನು ಒಮ್ಮೆ ನೋಡಿಕೊಂಡು, ಒಳಗೆ ಹೋಗಿ ಬಿಳಿ ಅಂಗಿ ತೊಟ್ಟು ಬಂದ. ಸಮಾರಂಭದಲ್ಲಿ ಕಿರಿಯರು 'ಸಾವಧಾನ್' ಕೇಳಿ ಹಿಮ್ಮಡಿ ಜೋಡಿಸಿದಾಗ, ಸಭಿಕರ ನಡುವೆ ನಿಂತಿದ್ದ ಅವನ ಹಿಮ್ಮಡಿಗಳೂ ತಾವಾಗಿಯೇ ಜೋಡಿಕೊಂಡವು.

ಚನ್ನರಾಯಪಟ್ಟಣದಲ್ಲಿದ್ದಾಗ ಹೆಣ್ಣುಮಕ್ಕಳ ಸಾಲನ್ನು ನೋಡುವ ಸಂತೋಷ ನನಗೆ ಒದಗಿತು. ಪ್ಯಾಂಟು ತೊಡಿಸುವುದಕ್ಕೆ ಮೊದಮೊದಲು ಮುಖ ಸಿಂಡರಿಸುತ್ತಿದ್ದ ತಂದೆಯೊಬ್ಬರು, ಮಗಳು ಗಣರಾಜ್ಯೋತ್ಸವದ ಪೆರೇಡಿನಲ್ಲಿ ಮುಂದೆ ನಡೆದಾಗ ಮೈದಾನದ ಅಂಚಿನಲ್ಲಿ ನಿಂತು ಪಕ್ಕದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದರು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೆಣ್ಣುಮಕ್ಕಳ ಮೊದಲ ತಂಡ ಸೇರಿದ್ದು 2022ರಲ್ಲಿ. ಅವರಲ್ಲಿ 17 ಮಂದಿ 2025ರ ಮೇ 30ರಂದು ಪೆರೇಡ್ ನಡೆದು ಹೊರಬಂದರು. ಆ ಸುದ್ದಿ ಓದಿದಾಗ ನನಗೆ ಆ ತಂದೆಯ ಬೆರಳು ನೆನಪಾಯಿತು.

ನಮ್ಮ ಜಿಲ್ಲೆಗೆ ಖಾಕಿಯ ಇನ್ನೊಂದು ದಾರಿಯೂ ತಿಳಿದಿತ್ತು. 1963ರಲ್ಲಿ ಆರಂಭವಾದ ಬಿಜಾಪುರದ ಸೈನಿಕ ಶಾಲೆಗೆ ಹೋಗಿ ಓದಿದ, ಗೊರೂರಿನ ಮೇಷ್ಟರ ಮಗ ಗೋಪಿನಾಥ್ ಸೇನೆಯಲ್ಲಿ ಕ್ಯಾಪ್ಟನ್ ಆದರು, 1971ರ ಯುದ್ಧ ಕಂಡರು. ಊರಿಗೆ ಮರಳಿ ಬೇಸಾಯ ಮಾಡಿದರು, 2003ರಲ್ಲಿ ಏರ್ ಡೆಕ್ಕನ್ ವಿಮಾನಗಳನ್ನು ಹಾರಿಸಿದರು. ಉಡುಪು ಕಳಚಿದ ಮೇಲೂ ಕ್ಯಾಪ್ಟನ್ ಎಂಬ ಹೆಸರು ಅವರೊಡನೆ ಉಳಿಯಿತು.

ಈಗ ಕಾಲ ಬದಲಾಗಿದೆ. 2022ರಿಂದ ಕೆಡೆಟ್‌ಗಳಿಗೆ ಉಡುಪಿನ ಬದಲು ಉಡುಪಿನ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುವ ವ್ಯವಸ್ಥೆಯಾಯಿತು. ಇತ್ತ ಸಂತೆಯಲ್ಲೂ ಮಚ್ಚೆಮಚ್ಚೆಯ ಸೈನಿಕ ನಮೂನೆಯ ಬಟ್ಟೆ ಬಿಕರಿಯಾಗುತ್ತದೆ. 2022ರ ಸೇನಾ ದಿನದಂದು ಪ್ರದರ್ಶಿಸಿದ ಹೊಸ ಸಮರ ಉಡುಪಿನ ವಿನ್ಯಾಸವನ್ನು ಬೇರೆಯವರು ನಕಲು ಮಾಡದಂತೆ ಸೇನೆ ನೋಂದಣಿಯನ್ನೇ ಮಾಡಿಸಬೇಕಾಯಿತು. ಸೈನಿಕನೆಂದು ಇತರರು ನಂಬಲಿ ಎಂಬ ಉದ್ದೇಶದಿಂದ ಅಂಥ ಉಡುಪು ತೊಡುವುದು ಹಿಂದೆ ಭಾರತೀಯ ದಂಡ ಸಂಹಿತೆಯ 140ನೆಯ ಕಲಮಿನ ಪ್ರಕಾರ ಅಪರಾಧವಾಗಿತ್ತು. 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮು ಅದನ್ನೇ ಹೇಳುತ್ತದೆ. ವಾರ್ಷಿಕೋತ್ಸವದ ವೇಷಸ್ಪರ್ಧೆಯಲ್ಲಿ ಯೋಧನಾಗುವ ಪುಟ್ಟ ಮಗುವಿಗೆ ಅಂಥ ಉದ್ದೇಶವಿಲ್ಲ. ಅದನ್ನು ನೋಡಿ ನಾವು ಧಾರಾಳವಾಗಿ ನಗಬಹುದು.

ಇಷ್ಟನ್ನು ಹೇಳಿ ನಾನು ಅಮೆರಿಕದ ಆ ವಿದ್ಯಾರ್ಥಿಗೆ ಹೀಗೆ ಬರೆದೆ: ತರಬೇತಿ ಪೂರೈಸಿ ಸೈನಿಕನಾದ ಹುಡುಗ ತನ್ನ ಸಮವಸ್ತ್ರದಲ್ಲಿ ಬಂದರೆ ಶಾಲೆ ಸಂತೋಷದಿಂದ ಒಳಗೆ ಕರೆಯಲಿ, ಅದು ಅವನ ಹೆಸರಿರುವ ಅಂಗಿ. ಆದರೆ ಯಾರನ್ನೂ ಅದರೊಳಗೆ ತಳ್ಳುವುದು ಬೇಡ, ಸಂಪಾದಿಸದವನಿಗೆ ಅಲಂಕಾರಕ್ಕೆಂದು ಕೊಡುವುದೂ ಬೇಡ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮೈದಾನಗಳಲ್ಲಿ ಒಮ್ಮೆ ಆ ಖಾಕಿ ತೊಟ್ಟ ನಿಮ್ಮೆಲ್ಲರಲ್ಲಿ ಒಂದು ವಿನಂತಿ. ನಿಮ್ಮ ಮಕ್ಕಳು ಎಂಟನೆಯ ತರಗತಿಗೆ ಬಂದಾಗ ಎನ್.ಸಿ.ಸಿ. ಬೇಕೇ ಎಂದು ಕೇಳಿ. ಬೇಡವೆಂದರೆ ಬಿಡಿ. ಬೇಕೆಂದರೆ ಬೂಟಿಗೆ ಪಾಲಿಷ್ ಹಾಕುವ ಕೆಲಸವನ್ನು ಮಾತ್ರ ನೀವು ಮಾಡಿಕೊಡಬೇಡಿ.