ಟ್ರಂಕಿನ ವರಹ, ಅಂಗಡಿಯ ಕಾಯಿನ್: ಚಿನ್ನದ ನಾಣ್ಯಕ್ಕೆ ಎರಡು ಬೆಲೆ

ಟೊಮೆಟೊಗೆ ಒಳ್ಳೆ ರೇಟು ಸಿಕ್ಕ ವರ್ಷ ನಮ್ಮ ಹುತ್ತೂರು ಕಡೆಯವರು ಕೋಲಾರದ ಪೇಟೆಗೆ ಹೋಗಿ ಎರಡೋ ನಾಲ್ಕೋ ಗ್ರಾಂ ಚಿನ್ನದ ಕಾಯಿನ್ ತರುತ್ತಾರೆ. ಮಗಳ ಮದುವೆಗೆ ಆಗುತ್ತೆ ಅನ್ನೋ ಲೆಕ್ಕ. ಅದೇ ಮನೆಯ ಟ್ರಂಕಿನಲ್ಲಿ ಅಜ್ಜಿ ಕಾಲದ ಹಳೇ ನಾಣ್ಯ ಒಂದು ಇದ್ದರೂ ಇರಬಹುದು. ಎರಡೂ ಚಿನ್ನವೇ. ಆದರೆ ಬೆಲೆ ಕಟ್ಟುವ ರೀತಿ ಬೇರೆ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಹೈದರ್ ಅಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ. 1763ರಲ್ಲಿ ಬಿದನೂರು ಗೆದ್ದ ಮೇಲೆ ಆತ ಚಿನ್ನದ ವರಹ ಹೊರಡಿಸಿದ. ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ. ಶಿವ ಪಾರ್ವತಿ ಚಿತ್ರ ಹೊಸದಲ್ಲ. ವಿಜಯನಗರದ, ಆಮೇಲೆ ಇಕ್ಕೇರಿ ನಾಯಕರ ವರಹದ ಮೇಲೂ ಅದೇ ಇತ್ತು. ದೊರೆ ಬದಲಾದ, ಜನ ನಂಬಿದ್ದ ಚಿತ್ರ ಉಳಿಯಿತು. ವರಹದ ತೂಕ ಸುಮಾರು 3.4 ಗ್ರಾಂ. ಇವತ್ತು ಅದನ್ನು ಬರೀ ತೂಕಕ್ಕೆ ಮಾರಿದರೆ 3.4 ಗ್ರಾಂ ದುಡ್ಡು ಬರುತ್ತೆ, ಚರಿತ್ರೆಯ ಬೆಲೆ ಕರಗಿ ಹೋಗುತ್ತೆ.

ಬ್ರಿಟಿಷರ ಕಾಲಕ್ಕೆ ಸವರನ್ ಬಂತು. 22 ಕ್ಯಾರೆಟ್, 7.98 ಗ್ರಾಂ. ಹಿರಿಯರು ಇವತ್ತೂ 8 ಗ್ರಾಂಗೆ ಒಂದು ಸವರನ್ ಅನ್ನುವುದು ಈ ನಾಣ್ಯದಿಂದಲೇ. ಬೊಂಬಾಯಿಯಲ್ಲಿ ಇದನ್ನು ಅಚ್ಚು ಹಾಕಿದ್ದು 1918ರ ಇಸವಿಯದ್ದು ಮಾತ್ರ. ಕುದುರೆಯ ಕೆಳಗೆ, ಇಸವಿಯ ಮೇಲೆ ಇಂಗ್ಲಿಷಿನ ‘ಐ’ ಅಕ್ಷರ ಇದ್ದರೆ ಅದು ಬೊಂಬಾಯಿ ಸವರನ್.

ಇತ್ತ ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಗಣಿ ನಡೆಸಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವಷ್ಟರಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಅಷ್ಟು ಚಿನ್ನ ಕೊಟ್ಟ ಜಿಲ್ಲೆಯವರು ನಾವು, ಈಗ ಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತಿದ್ದೇವೆ.

ಅದಕ್ಕೂ ಒಂದು ಕಾಲದಲ್ಲಿ ಅಡ್ಡಿ ಇತ್ತು. 1968ರ ಚಿನ್ನ ನಿಯಂತ್ರಣ ಕಾಯ್ದೆ ಗಟ್ಟಿ, ನಾಣ್ಯ ಇಟ್ಟುಕೊಳ್ಳುವುದಕ್ಕೆ ಬಿಗಿ ಕಟ್ಟುಪಾಡು ಹಾಕಿತ್ತು. 1990ರಲ್ಲಿ ಅದು ರದ್ದಾಯಿತು. 2015ರಲ್ಲಿ ಸರ್ಕಾರವೇ ಅಶೋಕ ಚಕ್ರದ ಗುರುತಿನ ಚಿನ್ನದ ನಾಣ್ಯ ಬಿಡುಗಡೆ ಮಾಡಿತು.

ಹಾಗಾಗಿ ಕೊಳ್ಳುವ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ನಾನು ದುಡ್ಡು ಕೊಡುತ್ತಿರುವುದು ತೂಕಕ್ಕೋ, ಚರಿತ್ರೆಗೋ? ಉಳಿತಾಯಕ್ಕಾದರೆ ಶುದ್ಧತೆಯ ಮುದ್ರೆ, ತೂಕ, ಬಿಲ್ಲು ನೋಡಿ. ಶೇ. 3 ಜಿಎಸ್‌ಟಿ, ಮೇಕಿಂಗ್ ಚಾರ್ಜ್ ಮಾರುವಾಗ ವಾಪಸ್ ಬರುವುದಿಲ್ಲ. ಹಳೇ ನಾಣ್ಯ ಮನೆಯಲ್ಲಿದ್ದರೆ ಉಜ್ಜಬೇಡಿ, ಕರಗಿಸಬೇಡಿ, ಮೊದಲು ನಾಣ್ಯ ಬಲ್ಲವರಿಗೆ ತೋರಿಸಿ.

ಇನ್ನು, "ಪಾಯ ತೋಡುವಾಗ ನಿಧಿ ಸಿಕ್ಕಿತು, ಕಡಿಮೆಗೆ ಕೊಡ್ತೀನಿ" ಅಂತ ಯಾರಾದರೂ ಫೋನ್ ಮಾಡಿದರೆ ನಂಬಬೇಡಿ. ಮೊದಲು ಅಸಲಿ ನಾಣ್ಯ ಒಂದೆರಡು ತೋರಿಸುತ್ತಾರೆ, ಆಮೇಲೆ ಚೀಲದ ತುಂಬ ನಕಲಿ ಕೊಡುತ್ತಾರೆ. ನಿಜವಾಗಿ ನಿಧಿ ಸಿಕ್ಕಿದ್ದರೂ ಕಾನೂನಿನ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಗುಟ್ಟಾಗಿ ಮಾರುವಂತಿಲ್ಲ.

ಹೈದರನಿಗೂ ಗೊತ್ತಿತ್ತು, ನಾಣ್ಯ ಓಡುವುದು ನಂಬಿಕೆಯ ಮೇಲೆ. ಮೋಸಗಾರರಿಗೂ ಅದು ಗೊತ್ತು. ನಮಗೂ ಗೊತ್ತಿರಲಿ.