ಗಡಿಗೆ, ಬನ್ನಿ, ಚರಗ: ವಿಜಯಪುರ ಜಿಲ್ಲೆಯ ನಾಲ್ಕು ಪಟ್ಟಣಗಳಲ್ಲಿ ನಂಬಿಕೆ ಮತ್ತು ಪರಿಸರದ ಹೊಣೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸರ್ಕಾರದ ಕಡತದಲ್ಲಿ ಪಟ್ಟಣಗಳು. ಅಲ್ಲಿಯ ಜನ ವರ್ಷ ಎಣಿಸುವುದು ಮಾತ್ರ ಇಂದಿಗೂ ಹೊಲದ ಹಬ್ಬಗಳಿಂದ. ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸು; ರಾಜ್ಯದಲ್ಲಿ ಅತಿ ಕಡಿಮೆ ಕಾಡಿರುವ ಜಿಲ್ಲೆಗಳ ಸಾಲಿನಲ್ಲಿ ವಿಜಯಪುರವಿದೆ. ಇಂಥ ನೆಲದಲ್ಲಿ ಧಾರ್ಮಿಕ ಮೌಲ್ಯವೊಂದು ಪರಿಸರದ ಕೆಲಸವಾಗಿ ಮಾರ್ಪಡಬೇಕಾದರೆ ಅದು ನಿರ್ದಿಷ್ಟ ಮನೆಗೋ ಓಣಿಗೋ 'ಇದು ನಿಮ್ಮ ಪಾಳಿ' ಎಂದು ಹೊಣೆ ಹಂಚಿಕೊಡಬೇಕು ಎಂಬುದು ನನ್ನ ವಾದ.

ಬೇಸಿಗೆಯ ಅರವಟಿಗೆಯನ್ನೇ ನೋಡಿ. ಹಸಿ ಉಸುಕಿನ ಮೇಲೆ ಕೂರಿಸಿದ ಮಣ್ಣಿನ ಗಡಿಗೆ, ಸುತ್ತಲೂ ಒದ್ದೆ ಗೋಣಿತಾಟು, ಪಕ್ಕದಲ್ಲೊಂದು ತಂಬಿಗೆ. ಗಡಿಗೆಯ ಮೈಯಿಂದ ಜಿನುಗಿದ ನೀರು ಆರುತ್ತಾ ಒಳಗಿನ ನೀರನ್ನು ತಂಪಾಗಿಸುತ್ತದೆ. ಕರೆಂಟು ಬೇಡ, ಪ್ಲಾಸ್ಟಿಕ್ ಬಾಟಲಿ ಬೇಡ. ನೀರು ತುಂಬುವ ಪಾಳಿ ಹಂಚಿಕೆಯಾಗಿರುವುದರಿಂದ ಗಡಿಗೆ ಬರಿದಾದರೆ ಯಾರನ್ನು ಕೇಳಬೇಕೆಂಬುದು ಓಣಿಗೆಲ್ಲ ಗೊತ್ತು. ಬಾಗೇವಾಡಿಯ ನೆಲದಲ್ಲಿ ಹುಟ್ಟಿದ 12ನೆಯ ಶತಮಾನದ ಬಸವಣ್ಣನವರ ದಾಸೋಹದ ಕಲ್ಪನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚುವುದಿಲ್ಲ. ಕಾಯಕದಿಂದ ಬಂದದ್ದನ್ನು ಸಮಾಜಕ್ಕೆ ಮರಳಿ ಸಲ್ಲಿಸುವುದು ದಾಸೋಹ. ದಾನಕ್ಕೆ ಕೊಡುವವನ ಹೆಸರು ಬೇಕು, ದಾಸೋಹಕ್ಕೆ ಅದು ಬೇಡ.

ಬನ್ನಿಯ ಕಥೆ ಇಷ್ಟು ಸರಳವಲ್ಲ. ಬನ್ನಿ ಒಣಭೂಮಿಯ ಮರ. ಬೇರು ಬಹಳ ಆಳಕ್ಕೆ ಇಳಿಯುತ್ತದೆ, ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಸೊಪ್ಪು ಆಡುಕುರಿಗೆ ಮೇವು. ಕಡಿಯಬಾರದೆಂಬ ನಂಬಿಕೆ ಬದುಗಳ ಮೇಲೆ ಇದನ್ನು ಕಾಪಾಡಿದೆ. ದಸರೆಯಂದು ಊರ ಗಡಿ ದಾಟಿ ಮರದ ಬಳಿ ಹೋಗಿ, ಪೂಜಿಸಿ, ಒಂದೆರಡು ಎಲೆ ತಂದು ಹಿರಿಯರ ಕೈಗಿಟ್ಟು 'ಬಂಗಾರದಂಗ ಇರೂಣು' ಎನ್ನುವುದು ರೂಢಿ. ಈಗ ಊರು ಬೆಳೆದು ಗಡಿ ಮುಂದೆ ಸರಿದಿದೆ. ಮರದ ಬಳಿಗೆ ಹೋಗುತ್ತಿದ್ದವರ ಬಳಿಗೆ ಟೊಂಗೆಯೇ ಬರುತ್ತದೆ, ಸಂತೆಯಲ್ಲಿ ಕಟ್ಟುಕಟ್ಟಾಗಿ. ಎಲ್ಲಿಯ ಮರ, ಯಾರು ಮುರಿದರು ಎಂಬುದು ಕೊಳ್ಳುವವರಿಗೆ ಕಾಣುವುದಿಲ್ಲ. ಮರವನ್ನು ಉಳಿಸಿದ ನಂಬಿಕೆಯೇ ಅದರ ಟೊಂಗೆ ಮುರಿಸುತ್ತಿದೆ. ನಂಬಿಕೆ ಕುಂದಿದ್ದರಿಂದ ಹೀಗಾಯಿತೆಂದು ನಾನು ಒಪ್ಪಲಾರೆ. ನಡೆದು ಹೋಗುವ ನೇಮ ತಪ್ಪಿದ್ದರಿಂದ ಆಯಿತು.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಬದುಕನ್ನೂ ಹೆಸರು ಬೇಡದ ದಾಸೋಹದ ದೃಷ್ಟಿಯಿಂದ ನೋಡಬೇಕು. 2018ರಲ್ಲಿ ಪದ್ಮಶ್ರೀ ಒಲ್ಲೆನೆಂದವರು ಅವರು. 2023ರ ಜನವರಿ 2ರಂದು ಲಿಂಗೈಕ್ಯರಾದಾಗ, ಅವರೇ ಬರೆದಿಟ್ಟಂತೆ ದೇಹವನ್ನು ಅಗ್ನಿಗೆ ಒಪ್ಪಿಸಲಾಯಿತು. ಸ್ಮಾರಕ ಬೇಡವೆಂದೂ ಅವರು ಬರೆದಿದ್ದರು. ಮಠಗಳಲ್ಲಿ ಸಮಾಧಿ, ಗದ್ದುಗೆ ಪರಂಪರೆಯಾಗಿರುವ ಸೀಮೆಯಲ್ಲಿ ನೆಲದ ಒಂದು ಗೇಣನ್ನೂ ತನ್ನ ಹೆಸರಿಗೆ ಇಟ್ಟುಕೊಳ್ಳದ ಈ ನಿರ್ಧಾರ ದೊಡ್ಡದು. ಜಿಲ್ಲೆಯಲ್ಲಿ ಸಸಿ ನೆಡುವ ಕೋಟಿ ವೃಕ್ಷ ಅಭಿಯಾನಕ್ಕೂ ಹೀಗೆ ಹೆಸರು ಬಯಸದವರೇ ಬೇಕು. ಸಸಿ ನೆಡುವ ದಿನ ಕೈಗಳಿಗೆ ಬರವಿಲ್ಲ. ಸಸಿಯ ನಿಜವಾದ ಪರೀಕ್ಷೆ ಎರಡನೆಯ ಬೇಸಿಗೆ. ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿ, ದಿನ ಬಿಟ್ಟು ದಿನ ಕೊಡ ಹೊರುವವರು ಬೇಕಾದದ್ದು ಆಗ. ಅರವಟಿಗೆಯ ಗಡಿಗೆಗೆ ಇರುವ ಪಾಳಿ ಸಸಿಗೂ ಬರಬೇಕು.

ಗಣಪತಿಯ ವಿಷಯ ಚಿಕ್ಕದಾಗಿ ಹೇಳುವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣಿನಿಂದ ಎತ್ತು ಮಾಡಿ ಪೂಜಿಸುವ ಮನೆಗಳೇ ಮುಂದೆ ಎರಡು ತಿಂಗಳಲ್ಲಿ ಬಣ್ಣದ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿ ತರುತ್ತವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ಅಂಥ ಮೂರ್ತಿಗಳನ್ನು ನಿಷೇಧಿಸಿದೆ. ಮಣ್ಣೆತ್ತಿಗೆ ಯಾವ ಆದೇಶವೂ ಬೇಕಾಗಿರಲಿಲ್ಲ. ಎತ್ತನ್ನು ಮನೆಯ ಕೈ ತಿದ್ದುತ್ತದೆ, ಗಣಪತಿಯನ್ನು ಅಂಗಡಿ ಕೊಡುತ್ತದೆ.

ಎಳ್ಳಮಾವಾಸ್ಯೆಗೆ ಪಟ್ಟಣದವರೂ ಟ್ರ್ಯಾಕ್ಟರ್, ಬೈಕು ಹತ್ತಿ ಹೊಲಕ್ಕೆ ಹೋಗುತ್ತಾರೆ. ಜೋಳದ ತೆನೆ ತೂಗುವ ಹೊತ್ತಿನಲ್ಲಿ ಭೂತಾಯಿಗೆ ಚರಗ ಚೆಲ್ಲುತ್ತಾರೆ, ಅಂದರೆ ನೈವೇದ್ಯದ ಅನ್ನವನ್ನು ಹೊಲದಲ್ಲಿ ಎರಚುತ್ತಾರೆ. ಆ ಅನ್ನದಲ್ಲಿ ಹಕ್ಕಿಗೆ, ಹುಳಕ್ಕೆ, ಇರುವೆಗೆ ಪಾಲುಂಟು. ಊಟವಾದ ಮೇಲೆ ಬದುವಿನಲ್ಲಿ ಥರ್ಮಾಕೋಲ್ ತಟ್ಟೆಗಳು ಬಿದ್ದಿರುವುದೂ ಉಂಟು. ಬುಟ್ಟಿಯಲ್ಲಿ ಬುತ್ತಿ ತಂದು, ಅಂಗೈಯ ರೊಟ್ಟಿಯ ಮೇಲೇ ಎಣ್ಣೆಗಾಯಿ ಪಲ್ಯ ಹಾಕಿಕೊಂಡು ಉಂಡವರು ಎದ್ದುಹೋದ ಮೇಲೆ ಹೊಲದಲ್ಲಿ ಉಳಿಯುವುದು ಹಕ್ಕಿ ಹೆಕ್ಕುವಷ್ಟು ಅಗುಳು.